ಗಡ್ಡೆಗೆ ಹಿಡಿಸಿದ ಪಥ್ಯ

ಅತ್ತೆಯ ಹೊಟ್ಟೆಯೊಳಗೆ ಏನೋ ಸರಿಯಿಲ್ಲ ಎಂದು ಮೊದಲು ಹೇಳಿದ್ದು ಅವರ ಲಂಗದ ಲಾಡಿ. ಗಂಟು ಹಾಕಿದ ಮೇಲೂ ಗೇಣುದ್ದ ಜೋತಾಡುತ್ತಿದ್ದ ಅದರ ತುದಿಗಳು ಬರಬರುತ್ತಾ ಒಂದನ್ನೊಂದು ಮುಟ್ಟುವುದೇ ಕಷ್ಟವಾಯಿತು. ಅದೇ ಹೊತ್ತಿಗೆ ಕೈಯಲ್ಲಿದ್ದ ಒಂದು ಜೊತೆ ಚಿನ್ನದ ಬಳೆ ಸಡಿಲಾಗಿ ಮೊಣಕೈವರೆಗೂ ಹತ್ತಿ ಇಳಿಯತೊಡಗಿತು. ಬಟ್ಟೆ ಒಣಹಾಕುವವಳೂ ಮಡಿಸುವವಳೂ ನಾನೇ ಆದ್ದರಿಂದ ಇಂಥವು ನನ್ನ ಕಣ್ಣಿಗೆ ಬೀಳುತ್ತವೆ. ಕೇಳಿದರೆ ಅತ್ತೆ, "ಗ್ಯಾಸು ಕಣವ್ವ. ಈ ಮನ್ಯಾಗೆ ಗ್ಯಾಸು ಯಾರಿಗಿಲ್ಲ ಹೇಳು?" ಎಂದು ಜೀರಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಚಳ್ಳಕೆರೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕೈ ತೊಳೆದುಕೊಂಡು, ದಾವಣಗೆರೆಗೆ ಬರೆದುಕೊಟ್ಟರು. ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ನಿಧಾನವಾಗಿ ತಿಳಿಸಿದರು. ಅಂಡಾಶಯದಲ್ಲಿ ಗಡ್ಡೆ, ಹೊಟ್ಟೆಯಲ್ಲಿ ತುಂಬಿಕೊಂಡಿರುವುದು ನೀರು, ಕಾಯಿಲೆ ಕ್ಯಾನ್ಸರ್. ನನ್ನ ಗಂಡನ ಮುಖ ಬಿಳುಚಿತು. ಅತ್ತೆ ಮಾತ್ರ ಲೆಕ್ಕ ತಪ್ಪಿದವರ ಹಾಗೆ ಹುಬ್ಬು ಗಂಟಿಕ್ಕಿ ಕೇಳಿದರು.

"ಹೆರೋ ಕೆಲ್ಸ ಎಲ್ಲಾ ಮುಗ್ದು ಯಾವ ಕಾಲ ಆತು ಡಾಕ್ಟ್ರಮ್ಮ. ಅದಕ್ಕೇನು ಈಗ ಅಲ್ಲಿ ಉಸಾಬರಿ?"

ಡಾಕ್ಟರಮ್ಮನಿಗೆ ನಗು ಬಂತು. ತಡೆದುಕೊಂಡು ಹೇಳಿದರು: ಮೊದಲು ಕೆಲವು ಕಿಮೋ, ಅದರಿಂದ ಗಡ್ಡೆ ಕುಗ್ಗಿದ ಮೇಲೆ ಆಪರೇಷನ್, ಆಮೇಲೆ ಉಳಿದ ಕಿಮೋ. "ಆಪರೇಷನ್ ದೊಡ್ಡದು. ಅದನ್ನ ತಡ್ಕೊಳ್ಳೋ ಶಕ್ತಿ ಮೈಯಲ್ಲಿ ಇರಬೇಕು. ಅಮ್ಮನ ತೂಕ ಇಳಿಯೋಕೆ ಮಾತ್ರ ಬಿಡಬೇಡಿ. ತೀರಾ ಇಳಿದ್ರೆ ನಾನು ಕೈ ಹಾಕೋಕಾಗಲ್ಲ."

ಈ ಮಾತನ್ನು ನಾವೆಲ್ಲರೂ ಕೇಳಿದೆವು, ತಲೆಯನ್ನೂ ಆಡಿಸಿದೆವು. ಆದರೆ ಮರುಕ್ಷಣವೇ ಅವರು ಕಂಪ್ಯೂಟರಿನಲ್ಲಿ ಸ್ಕ್ಯಾನಿನ ಚಿತ್ರ ತೋರಿಸಿಬಿಟ್ಟರು. ಕಪ್ಪು ಬೂದು ಮೈಯೊಳಗೆ ಅಲ್ಲಲ್ಲಿ ದೀಪ ಹಚ್ಚಿಟ್ಟ ಹಾಗೆ ಹೊಳೆಯುವ ಚುಕ್ಕೆಗಳು. ಸಕ್ಕರೆಯಂಥದ್ದೇ ಒಂದು ಔಷಧಿಯನ್ನು ನರಕ್ಕೆ ಕೊಟ್ಟು ಈ ಚಿತ್ರ ತೆಗೆಯುತ್ತಾರೆ, ಕ್ಯಾನ್ಸರ್ ಕೋಶಗಳು ಅದನ್ನು ಆಸೆಬುರುಕರ ಹಾಗೆ ಎಳೆದುಕೊಳ್ಳುವುದರಿಂದ ಹೊಳೆಯುತ್ತವೆ ಎಂದರು.

ಆಗ ಮಾತಿಗೆ ಬಂದವರು ಅಕ್ಕ. ಅಕ್ಕ ಅಂದರೆ ನನ್ನ ಗಂಡನ ಅಕ್ಕ, ನಾನೂ ಹಾಗೆಯೇ ಕರೆಯುವುದು. ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರಕ್ಕೆ ಕೊಟ್ಟಿದ್ದಾರೆ. ಅವರ ಗಂಡನ ಮನೆಯಲ್ಲಿ ಅರ್ಧ ಮಾತು ತೆಲುಗು, ಹಾಗಾಗಿ ಪ್ರೀತಿ ಕನ್ನಡದಲ್ಲಿ, ಸಿಟ್ಟು ತೆಲುಗಿನಲ್ಲಿ.

"ಅಂದ್ರೆ ಇದು ಸಕ್ರೆ ತಿಂತೈತೆ ಅನ್ರಿ," ಎಂದರು ಅಕ್ಕ.

"ಹೌದಮ್ಮ, ಬೇರೆ ಕೋಶಗಳಿಗಿಂತ ಜಾಸ್ತಿ ಬಳಸುತ್ತೆ."

"ನೀವೇ ತಿನ್ನಿಸಿದ್ರಾ?"

"ಪರೀಕ್ಷೆಗೆ ಬೇಕಾದಷ್ಟು, ಸ್ವಲ್ಪ..."

ಅಕ್ಕ ನನ್ನ ಮುಖ ನೋಡಿದರು. ಚಳ್ಳಕೆರೆ ಬರುವವರೆಗೂ ಕಾರಿನಲ್ಲಿ ಒಂದೇ ಮಾತು. "ಮನೆಗೆ ನುಗ್ಗಿದ ಕಳ್ಳಂಗೆ ಎಲೆ ಹಾಕಿ, ಹೊಟ್ಟೆ ತುಂಬ ಬಡಿಸಿ, ಆಮೇಲೆ ಫೋಟೋ ಹೊಡ್ಕೊಂಡಂಗಾತು ಇದು." ಅತ್ತೆ ಕಿಟಕಿಗೆ ತಲೆ ಆನಿಸಿಕೊಂಡು ನಿದ್ದೆ ಮಾಡುತ್ತಿದ್ದರು, ಅಥವಾ ಹಾಗೆ ತೋರಿಸಿಕೊಳ್ಳುತ್ತಿದ್ದರು.

ಅಕ್ಕ ದೇವಸಮುದ್ರಕ್ಕೆ ವಾಪಸು ಹೋಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಟೀಗೆ ನೀರಿಟ್ಟು ತಿರುಗುವಷ್ಟರಲ್ಲಿ ಸಕ್ಕರೆ ಡಬ್ಬಿ, ಬೆಲ್ಲದ ಪಿಂಡಿ, ದೇವರ ಮುಂದಿನ ಕಲ್ಲುಸಕ್ಕರೆ ಎಲ್ಲವೂ ಪಕ್ಕದ ಮನೆಗೆ ಸಾಗಿದ್ದವು. ಅತ್ತೆಗೆ ಮಾತ್ರ ಕೊಡದಿದ್ದರೆ ಸಾಲದೇ ಎಂದೆ. "ಮನ್ಯಾಗೆ ವಾಸನೆ ಇದ್ರೂ ಅದು ಬಾಯಿ ಬಿಡ್ತೈತೆ," ಎಂದರು. ಒಂದು ವಾರದಲ್ಲಿ ಅಡುಗೆಮನೆಯ ಇರುವೆಗಳು ಸಾಲುಗಟ್ಟಿ, ಹಿತ್ತಲ ಬಾಗಿಲ ಸಂದಿಯಿಂದ, ಪಕ್ಕದ ಮನೆಯ ಕಡೆಗೇ ಹೊರಟುಹೋದವು. ಅವು ಮೊಟ್ಟೆಗಳನ್ನೂ ಹೊತ್ತುಕೊಂಡಿದ್ದವು. ನಾನು ಪೊರಕೆ ಹಿಡಿದು ನಿಂತು ನೋಡಿದೆ, ಗುಡಿಸಲು ಮನಸ್ಸಾಗಲಿಲ್ಲ.

ನಮ್ಮ ಕಡೆ ರೋಗಿಯನ್ನು ನೋಡಲು ಯಾರೂ ಬರಿಗೈಲಿ ಬರುವುದಿಲ್ಲ. ಬ್ರೆಡ್ಡು, ಬಿಸ್ಕತ್ತು, ಮೋಸಂಬಿ, ಎಳನೀರು. ಅಕ್ಕ ಹೊರಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಆಂಧ್ರದ ಗಡಿಯ ಚೆಕ್‌ಪೋಸ್ಟನ್ನು ದಿನಾ ನೋಡಿದವರು, ಅದರ ರೀತಿ ರಿವಾಜು ಅವರಿಗೆ ಚೆನ್ನಾಗಿ ಗೊತ್ತು. ಬಂದವರನ್ನು "ಬರ್ರಿ ಬರ್ರಿ" ಎಂದು ಕರೆದು, ಚೀಲ ಇಸಿದುಕೊಂಡು, ಒಳಗೆ ಬರಿಗೈಲಿ ಕಳಿಸುವುದು. ಹಾಗೆ ಜಪ್ತಿಯಾದ ಮಾಲೆಲ್ಲ ನಮ್ಮ ಎಣ್ಣೆ ಮಿಲ್ಲಿನ ಹಮಾಲರಿಗೆ ಹೋಗುತ್ತಿತ್ತು. ಮಿಲ್ಲು ಮನೆಯ ಹಿಂದೆಯೇ ಇದೆ, ಶೇಂಗಾ ಎಣ್ಣೆಯದು. ಆ ದಿನಗಳಲ್ಲಿ ಹಮಾಲರು ಅತ್ತೆಯ ಆರೋಗ್ಯವನ್ನು ವಿಚಾರಿಸಿದಷ್ಟು ಕಕ್ಕುಲಾತಿಯಿಂದ ಬಂಧುಗಳೂ ವಿಚಾರಿಸಲಿಲ್ಲ. "ಅಮ್ಮಾರಿಗೆ ಹೆಂಗೈತೆ ಅಕ್ಕಾರೆ? ಇವತ್ತು ಯಾರೂ ನೋಡಾಕೆ ಬರ್ಲಿಲ್ವಾ?"

ನಾನು ಚಿತ್ರದುರ್ಗದಲ್ಲಿ ಸಿಸ್ಟರುಗಳ ಕೈಕೆಳಗೆ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಬಂದ ದಿನದಿಂದ ಈ ಮನೆಗೆ ಬರುವ ಇಂಗ್ಲಿಷೆಲ್ಲ ನನ್ನ ಪಾಲಿನದು: ಮಾತ್ರೆಯ ಹಿಂದಿನ ಸಣ್ಣಕ್ಷರ, ಮಿಕ್ಸಿಯ ಗ್ಯಾರಂಟಿ. ಈಗ ಕ್ಯಾನ್ಸರೂ ನನ್ನ ಪಾಲಿಗೇ ಬಂತು. ಮಧ್ಯಾಹ್ನದ ಊಟ ಮುಗಿದೊಡನೆ ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು, ಕಾಲು ಚಾಚಿ ಕೂತು, "ಹೂಂ, ಓದು," ಎನ್ನುವರು.

ಮೆಟಬಾಲಿಸಂ ಎನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ಚಯಾಪಚಯ ಎಂದರೆ ಅಕ್ಕ ನನ್ನನ್ನು ಹೊಡೆದಾರು. "ಒಂದೊಂದು ಕೋಶದ ಒಳಗೂ ಒಲೆ ಇರುತ್ತೆ ಅಕ್ಕ. ಸಿಕ್ಕಿದ್ದನ್ನ ಹಾಕಿ ಉರಿಸಿಕೊಂಡು ಅದು ಬದುಕುತ್ತೆ, ಬೆಳೆಯುತ್ತೆ. ಕ್ಯಾನ್ಸರ್ ಕೋಶದ ಒಲೆಗೆ ಉರಿ ಜಾಸ್ತಿ. ಆ ಒಲೆ ಆರಿಸೋ ಔಷಧಿ ಹುಡುಕ್ತಾ ಇದಾರಂತೆ."

"ಔಷಧಿ ಯಾಕೆ? ಸೌದೆ ಕಿತ್ಕೊಂಡ್ರೆ ಆತಲ್ಲ."

ನಾನು ಇನ್ನಷ್ಟು ಓದಿದೆ. ಅಂಡಾಶಯದ ಕ್ಯಾನ್ಸರಿಗೆ ಸಕ್ಕರೆ ಸಿಗದಿದ್ದರೆ ಕೊಬ್ಬಾದರೂ ಆದೀತು, ಹೊಟ್ಟೆಯ ಮುಂದಿನ ಕೊಬ್ಬಿನ ಪದರಕ್ಕೇ ಅದು ಹೋಗಿ ಅಂಟಿಕೊಳ್ಳುತ್ತದೆ ಎಂದು ಬರೆದಿತ್ತು. ಅಂದು ಸಂಜೆ ನಮ್ಮವರು ಮಿಲ್ಲಿನಿಂದ ಬಂದಾಗ ಒಗ್ಗರಣೆಯಿಲ್ಲದ ಸಾರು ಕಾದಿತ್ತು.

"ಇದೇನಿದು? ಎಣ್ಣೆ ಖಾಲಿ ಆಗೈತಾ?" ಎಂದರು ಅವರು.

"ಬಿಟ್ಟೀವಿ. ಗಡ್ಡೆ ಎಣ್ಣೆ ತಿಂತೈತಂತೆ."

"ಲೇ ಅಕ್ಕಾ, ಎಣ್ಣೆ ಮಿಲ್ಲಿನ ಮನ್ಯಾಗೆ ಎಣ್ಣೆ ಬಿಡಾದು ಅಂದ್ರೆ..."

"ನಿಂಗೆ ಮಿಲ್ಲು ಬೇಕೋ ಅವ್ವ ಬೇಕೋ?"

ನಮ್ಮವರು ಆ ಸಾರಿಗೇ ಅನ್ನ ಕಲಸಿಕೊಂಡರು. ಮತ್ತೊಂದು ಮಧ್ಯಾಹ್ನ, ಪ್ರೋಟೀನಿನೊಳಗಿರುವ ಒಂದು ಅಂಶವೂ ಈ ಕೋಶಗಳಿಗೆ ರುಚಿ ಎಂದು ಗೊತ್ತಾಗಿ ಬೇಳೆ, ಮೊಸರು, ಮೊಟ್ಟೆ ಹೋದವು. ಪ್ರತಿ ಸಲವೂ ನಾನು ಕೊನೆಯ ಸಾಲಿನವರೆಗೂ ಓದಿ ಹೇಳುತ್ತಿದ್ದೆ: ಇದೆಲ್ಲ ಗಾಜಿನ ತಟ್ಟೆಯಲ್ಲಿ ಇಟ್ಟ ಕೋಶಗಳ ಮೇಲೆ, ಇಲಿಗಳ ಮೇಲೆ ನೋಡಿದ್ದು, ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ನಡೆಯಬೇಕು.

"ಇಲಿಗೆ ನಡ್ದಿದ್ದು ಅವ್ವಂಗೆ ಯಾಕೆ ನಡ್ಯಲ್ಲ?" ಎನ್ನುವರು ಅಕ್ಕ. "ಇಲಿಗಿಂತ ಕಡೆನಾ ನಮ್ಮವ್ವ?"

ಕೊನೆಗೆ ಅತ್ತೆಗೆ ಉಳಿದದ್ದು ನೀರಿನಲ್ಲಿ ಬೇಯಿಸಿದ ಹೀರೇಕಾಯಿ ಮತ್ತು ತೆಳ್ಳನೆಯ ರಾಗಿ ಗಂಜಿ. ಅಕ್ಕ ತಟ್ಟೆ ಮುಂದಿಟ್ಟು, ಅತ್ತೆಯ ಹೊಟ್ಟೆಯ ಕಡೆ ಬಗ್ಗಿ, ಬೀದಿನಾಯಿಯನ್ನು ಗದರಿಸುವ ದನಿಯಲ್ಲಿ, "ನಿಂಗೇನೂ ಇಲ್ಲ ಇವತ್ತು," ಎಂದು ಹೇಳುವುದು ಪದ್ಧತಿಯಾಯಿತು.

"ಗಡ್ಡೆ ಯಾವಾಗ ಸಾಯ್ತೈತೋ ಕಾಣೆ," ಎಂದು ಅತ್ತೆ ಒಂದು ದಿನ ತಟ್ಟೆ ತಳ್ಳಿದರು. "ಇನ್ನೊಂದು ಹೀರೇಕಾಯಿ ಕಂಡ್ರೆ ನಾನಂತೂ ಸಾಯ್ತೀನಿ."

"ಊರುಕೋ ಅವ್ವ!" ಅಕ್ಕ ತೆಲುಗಿನಲ್ಲಿ ಬಾಯಿ ಮುಚ್ಚಿಸಿದರು. ಆದರೆ ತಟ್ಟೆ ಎತ್ತಿಕೊಂಡು ಒಳಗೆ ಬಂದವರು ಸಿಂಕಿನ ಮುಂದೆ ಸುಮ್ಮನೆ ನಿಂತಿದ್ದರು. ನಲ್ಲಿ ತಿರುಗಿಸಿದ್ದರೂ ನೀರು ಬಂದಿರಲಿಲ್ಲ, ಅದು ಅವರಿಗೆ ಗೊತ್ತಾದ ಹಾಗಿರಲಿಲ್ಲ.

ಮೊದಲ ಕಿಮೋ ಆಗಿ, ಎರಡನೆಯದಕ್ಕೆ ಹೋದಾಗ ನರ್ಸು ಅತ್ತೆಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಇಳಿಸಿ, ಮತ್ತೆ ನಿಲ್ಲಿಸಿದಳು. ಹೊಟ್ಟೆಯ ನೀರು ಕಡಿಮೆಯಾದದ್ದನ್ನು ಲೆಕ್ಕಕ್ಕೆ ಹಿಡಿದರೂ ತೂಕ ಇಳಿದದ್ದು ಹೆಚ್ಚು. ರಕ್ತದ ವರದಿಯೂ ಚೆನ್ನಾಗಿರಲಿಲ್ಲ. ಡಾಕ್ಟರಮ್ಮ ಅಂದಿನ ಕಿಮೋ ಮುಂದಕ್ಕೆ ಹಾಕಿದರು. ಮನೆಯಲ್ಲಿ ಏನು ಕೊಡುತ್ತೀರಿ ಎಂದು ಕೇಳಿದಾಗ ಅಕ್ಕ ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅಮ್ಮಾ, ಕೋಶದ ಬಾಯಿ ಮುಚ್ಚಿಸೋ ಔಷಧಿ ಹುಡುಕ್ತಿರೋದು ನಿಜ. ನೀವು ಪೇಶೆಂಟಿನ ಬಾಯಿ ಮುಚ್ಚಿದೀರಲ್ಲ! ನೀವು ಕೊಡದೇ ಇದ್ರೆ ಮೈ ತನ್ನ ಮಾಂಸಖಂಡಾನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತೆ. ಗಡ್ಡೆ ಉಪವಾಸ ಬೀಳಲ್ಲ, ಅದು ತನ್ನ ಪಾಲು ತಗೊಂಡೇ ತಗೊಳ್ಳುತ್ತೆ. ಸೊರಗೋದು ನಿಮ್ಮ ತಾಯಿ. ಬೇಳೆ, ಮೊಟ್ಟೆ, ಮೊಸರು, ಎಣ್ಣೆ ಎಲ್ಲ ಕೊಡಿ. ಬಾಯಿಗೆ ರುಚಿ ಅನ್ನಿಸಿದ್ರೆ ಹೋಳಿಗೆ ಕೊಡಿ. ಹಿಂಗೇ ಇಳೀತಾ ಹೋದ್ರೆ ಆಪರೇಷನ್ ಮಾತೇ ಎತ್ತೋ ಹಾಗಿಲ್ಲ."

ನಮ್ಮವರಿಗೆ ಅರ್ಥವಾಯಿತು. ನನಗೆ ಮೊದಲೇ ಅರ್ಧ ಅರ್ಥವಾಗಿತ್ತು. ಅಕ್ಕನಿಗೆ ಮಾತ್ರ, ಸಕ್ಕರೆ ತಿನ್ನಿಸಿ ಫೋಟೋ ತೆಗೆದವರೇ ಈಗ ಹೋಳಿಗೆಯನ್ನೂ ತಿನ್ನಿಸಿ ಎನ್ನುತ್ತಿದ್ದಾರೆ ಎನ್ನುವುದಷ್ಟೇ ಕೇಳಿಸಿತು. ಕಾರು ಮನೆ ಹತ್ತಿರ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನಗಷ್ಟೇ ಕೇಳುವಂತೆ, "ನನ್ನ ಕೈಯಾರೆ ಆ ಮಾರಿಗೆ ಬಡಿಸು ಅಂತೀಯೇನೇ?" ಎಂದರು. ಅಷ್ಟು ದಿನ ಅವರು ಮಾಡಿದ್ದೆಲ್ಲ ಹಟವೆಂದು ತಿಳಿದಿದ್ದೆ. ಅದು ಹೆದರಿಕೆ.

ಹಾಗಾಗಿ ಮನೆಯಲ್ಲಿ ಏನೂ ಬದಲಾಗಲಿಲ್ಲ. ನಾನು ಗಂಜಿಗೆ ಒಂದು ಚಮಚ ತುಪ್ಪ ಕದ್ದು ಬೆರೆಸಿದರೆ ಅಕ್ಕ ಹಜಾರದಿಂದಲೇ ಮೂಗರಳಿಸಿ ಎದ್ದು ಬರುವರು. ನಮ್ಮವರು ಗದರಿದರೆ ಊಟ ಬಿಟ್ಟು ಕೂರುವರು. ಅತ್ತೆಯ ಬಳೆ ಮೊಣಕೈ ದಾಟಿ ಮೇಲೆ ಹೋಗತೊಡಗಿತ್ತು.

ಅದು ಸೋಮವಾರ. ನಮ್ಮ ಮನೆಯವರಿಗೆಲ್ಲ ಸೋಮವಾರ ಬೆಟ್ಟದ ಮೇಲಿನ ಜಟಿಂಗ ರಾಮೇಶ್ವರನ ಹೆಸರಿನಲ್ಲಿ ಒಪ್ಪತ್ತು, ಅಂದರೆ ಒಂದೇ ಹೊತ್ತು ಊಟ. ನಮ್ಮಲ್ಲಿ ಇಂಥ ಹರಕೆಗಳು ಕೈ ಬದಲಾಗುತ್ತವೆ. ಹೊತ್ತವರಿಗೆ ಆಗದಿದ್ದರೆ ರಕ್ತಸಂಬಂಧಿ ತೀರಿಸಬಹುದು, ದೇವರು ತಕರಾರು ತೆಗೆಯುವುದಿಲ್ಲ. ಪರೀಕ್ಷೆಗೆ ಕೂತ ಮಗನ ಒಪ್ಪತ್ತನ್ನು ತಾಯಿ ಮಾಡುತ್ತಾಳೆ, ಮುದುಕನ ದೀಡು ನಮಸ್ಕಾರವನ್ನು ಮೊಮ್ಮಗ ನೆಲಕ್ಕೆ ಮೈ ಚಾಚಿ ಚಾಚಿ ಹಾಕುತ್ತಾನೆ. ಅಂದು ಬೆಳಿಗ್ಗೆ ಅತ್ತೆ ನನ್ನ ಕೈಲಿ ತಲೆಗೆ ನೀರು ಹಾಕಿಸಿಕೊಂಡರು. ಕಿಮೋದಿಂದ ಕೂದಲೆಲ್ಲ ಉದುರಿತ್ತು, ಸ್ನಾನ ಬೇಗ ಮುಗಿಯಿತು. ಹಣೆಗೆ ವಿಭೂತಿ ಹಚ್ಚಿ, ಹಜಾರದಲ್ಲಿ ಕೂತು ಅಕ್ಕನನ್ನು ಕರೆದರು.

"ನಿನ್ನ ಮೊದಲ್ನೇ ಹೆರಿಗೀಗೆ ಬೆಟ್ಟ ಹತ್ತೀನಿ ಅಂತ ಹರಕೆ ಹೊತ್ತಿದ್ಯಲ್ಲ. ಹತ್ತಿದ್ಯಾ?"

"ಮೊಣಕಾಲು ನೋವಿತ್ತಲ್ಲವ್ವ. ನೀನೇ ಹತ್ತಿದ್ದೆ."

"ರಾಮೇಶ್ವರ ಏನಾದ್ರೂ ಅಂದ್ನಾ?"

"ಏನಂತಾನೆ? ಇಲ್ಲ."

"ಈಗ ನಂಗೆ ಆಗವಲ್ದು. ಈ ಗಡ್ಡೆ ಪಥ್ಯ ನಿಂಗೆ ಕೊಟ್ಟೀನಿ. ನೀನು ಮಾಡು."

ಅಕ್ಕ ಬಾಯಿ ತೆರೆದರು. ಕನ್ನಡವೂ ಬರಲಿಲ್ಲ, ತೆಲುಗೂ ಬರಲಿಲ್ಲ.

"ಗಡ್ಡೆ ಇರಾದು ನಿನ್ನ ಹೊಟ್ಟ್ಯಾಗೆ..." ಎಂದರು ಕೊನೆಗೆ.

"ನೀನೂ ಅದೇ ಹೊಟ್ಟ್ಯಾಗೆ ಇದ್ದೋಳು. ನಾನು ಬೆಟ್ಟ ಹತ್ತಿದ್ರೆ ನಿಂಗೆ ಪುಣ್ಯ ಬರ್ತೈತೆ ಅಂತಾದ್ರೆ, ನೀನು ಉಪಾಸ ಇದ್ರೆ ನನ್ನ ಗಡ್ಡೆ ಯಾಕೆ ಸೊರಗಲ್ಲ?"

ಇಷ್ಟು ದಿನದ ಇಂಗ್ಲಿಷಿನಲ್ಲಿ ಎಲ್ಲಿಯೂ ಇಂಥ ವಾದ ಇರಲಿಲ್ಲ. ಅಕ್ಕ ನನ್ನ ಕಡೆ ನೋಡಿದರು, ಫೋನಿನಲ್ಲಿ ಇದಕ್ಕೇನಾದರೂ ಉತ್ತರ ಇದೆಯೋ ಎಂಬಂತೆ. ನಾನು ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತಿದ್ದೆ. ಅಕ್ಕ ಎದ್ದು, ಅತ್ತೆಯ ಪಾದ ಮುಟ್ಟಿ, "ಕೊಡು," ಎಂದರು. ಪಥ್ಯ ಕೈ ಬದಲಾಯಿತು.

ಸಕ್ಕರೆ ಬಿಡುವುದನ್ನು ಅಕ್ಕ ತಮಗೆ ಇಟ್ಟುಕೊಂಡರು. ಎಣ್ಣೆಯನ್ನು ತಮ್ಮನಿಗೆ ವಹಿಸಿದರು. ಬೇಳೆ, ಮೊಸರು ಸೊಸೆಯಾದ ನನಗೆ. ರಕ್ತಸಂಬಂಧ ಇಲ್ಲವಲ್ಲ ಎಂದು ಮೆಲ್ಲಗೆ ಹೇಳಿನೋಡಿದೆ. "ಅನ್ನದ ಸಂಬಂಧ ಸಾಲ್ದಾ?" ಎಂದರು ಅತ್ತೆ. ಅವರ ಬಾಯಲ್ಲಿ ಆಗಲೇ ಏನೋ ಇತ್ತು.

ಮಿಲ್ಲಿನಲ್ಲಿ ಇದು ಬೇರೆಯೇ ರೂಪ ಪಡೆಯಿತು. ನಮ್ಮವರು ಸಂಜೆ ಗೆಳೆಯರ ಜೊತೆ ಮಂಡಕ್ಕಿ ಜೊತೆ ಕರಿದ ಮೆಣಸಿನಕಾಯಿ ತಿನ್ನುವುದು ಊರಿಗೇ ಗೊತ್ತು. ಈಗ ಒಣ ಮಂಡಕ್ಕಿ ಮಾತ್ರ ಮುಕ್ಕುತ್ತಾ ಕೂತರೆ ಜನ ಬಿಡುತ್ತಾರೆಯೇ? "ಏನ್ಲೇ, ನಿನ್ನ ಎಣ್ಣೆ ನೀನೇ ತಿನ್ನಲ್ವಂತೆ! ಏನು ಬೆರೆಸೀಯಾ ಅದಕ್ಕೆ?" ಅವರು ಕಾರಣ ಹೇಳಿದರು. ಹೇಳಿದ ಮೇಲೆ ಅನುಮಾನ ಹೆಚ್ಚಾಯಿತು. ಕೊನೆಗೆ ಖಾಯಂ ಗಿರಾಕಿಯೊಬ್ಬರು ಮನೆಗೇ ಬಂದು, ಅತ್ತೆ ಬದನೆಕಾಯಿ ಎಣ್ಣೆಗಾಯಿ ಹಚ್ಚಿಕೊಂಡು ರೊಟ್ಟಿ ತಿನ್ನುವುದನ್ನು ಕಣ್ಣಾರೆ ಕಂಡು, ಸಮಾಧಾನವಾಗಿ ಹೋದರು.

ವಿಚಿತ್ರವೆಂದರೆ ಈಗ ಅಡುಗೆ ಮಾಡಿ ಬಡಿಸುವವರು ಅಕ್ಕನೇ. ಪಥ್ಯಕ್ಕೆ ಒಬ್ಬರು ಒಡೆಯರಿದ್ದಾರೆ, ಅದು ಮುರಿಯುತ್ತಿಲ್ಲ ಎಂಬ ಧೈರ್ಯ ಬಂದೊಡನೆ ಅವರ ಕೈ ಸಡಿಲವಾಯಿತು. ಬೆಲ್ಲ ವಾಪಸು ಬಂತು. ಹೋಳಿಗೆ ತಟ್ಟಿದರು, ತುಪ್ಪ ಸುರಿದರು, ಮೊಟ್ಟೆ ಬೇಯಿಸಿ ಸುಲಿದು ಉಪ್ಪು ಸವರಿಟ್ಟರು. ತಾವು ಅತ್ತೆಯ ಎದುರಿಗೇ ಕೂತು ಹೀರೇಕಾಯಿ ಅಗಿಯುತ್ತಿದ್ದರು. ಅತ್ತೆಯದು ಮೇಲ್ವಿಚಾರಣೆ. ಬಾಯಿಗೆ ರುಚಿ ಹತ್ತದ ದಿನಗಳಲ್ಲೂ, ಕಿಮೋ ಮುಗಿಸಿ ಬಂದು ಹೊಟ್ಟೆ ತೊಳಸುವಾಗಲೂ, ಮಗಳ ತಟ್ಟೆ ನೋಡಿಕೊಂಡು ಎರಡು ತುತ್ತು ಹೆಚ್ಚು ತಿನ್ನುತ್ತಿದ್ದರು.

"ಕದ್ದು ಏನಾರ ತಿಂದೀಯೇನೇ? ಗಡ್ಡೆ ಚುರುಕ್ ಅಂತು."

"ದೇವರಾಣೆ ಇಲ್ಲವ್ವ."

"ಸೊಸಿ ಮುಖ ನೋಡು, ಮೊಸರು ನೆಕ್ಕಿದಂಗೈತೆ."

ನಾನು ನೆಕ್ಕಿರಲಿಲ್ಲ.

ಮುಂದಿನ ಸಲ ತೂಕ ನಿಂತಿತ್ತು. ಅದರ ಮುಂದಿನ ಸಲ ಏರಿತ್ತು. ನಿಂತಿದ್ದ ಕಿಮೋ ಮತ್ತೆ ಸಾಗಿತು, ಆಪರೇಷನ್ನಿನ ದಿನವೂ ಗೊತ್ತಾಯಿತು. ಡಾಕ್ಟರಮ್ಮ ವರದಿ ಓದಿ, "ಬಹಳ ಚೆನ್ನಾಗಾಗಿದೆ, ಏನು ಮಾಡಿದ್ರಿ?" ಎಂದು ಕೇಳಿದಾಗ ನಮ್ಮವರು ತಡವರಿಸಿ, "ನಾವು ಉಪವಾಸ ಮಾಡಿದ್ವಿ," ಎಂದರು. ಡಾಕ್ಟರಮ್ಮ ನಮ್ಮ ಮೂವರನ್ನೂ ಒಮ್ಮೆ ನೋಡಿದರು. ಯಾರ ಕೆನ್ನೆಯಲ್ಲೂ ಏನೂ ಉಳಿದಿರಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಸಾಲಾಗಿ ಕೂತಿದ್ದೆವು. ವಾರ್ಡಿನ ಆಯಾ ಗಾಲಿಕುರ್ಚಿ ತಳ್ಳಿಕೊಂಡು ಬಂದವಳು, ನಮ್ಮೆಲ್ಲರ ಮುಖ ನೋಡಿ, ನೇರವಾಗಿ ಅಕ್ಕನ ರೆಟ್ಟೆ ಹಿಡಿದಳು. "ಏಳಮ್ಮ, ಹೆದರ್ಬ್ಯಾಡ, ಏನೂ ಆಗಲ್ಲ."

"ಅಯ್ಯೋ ದೇವುಡಾ, ನಾನಲ್ಲ!"

"ಎಲ್ರೂ ಹಂಗೇ ಅಂತಾರೆ. ಕೂತ್ಕೊ."

ಪಕ್ಕದಲ್ಲಿದ್ದ ಅತ್ತೆ ಎದ್ದು, ತಲೆಯ ಮೇಲೆ ಹೊದ್ದಿದ್ದ ಸೆರಗು ಸರಿಮಾಡಿಕೊಂಡು, ತಾವೇ ಹೋಗಿ ಕುರ್ಚಿಯಲ್ಲಿ ಕೂತರು. "ನಡಿಯವ್ವ, ಗಡ್ಡೆ ನಂದು. ಅದರ ಪಥ್ಯ ಮಾತ್ರ ಅವಳ್ದು." ಆಯಾ ಅಕ್ಕನ ಬರಿಗೈಯನ್ನೂ ಅತ್ತೆಯ ಕೈಪಟ್ಟಿಯನ್ನೂ ನೋಡಿ ಖಾತ್ರಿ ಮಾಡಿಕೊಂಡಳು.

ಅಂದು ಅತ್ತೆಯ ಹೊಟ್ಟೆ ಖಾಲಿಯಿರಬೇಕಾಗಿತ್ತು. ಬಾಗಿಲ ಹತ್ತಿರ ಕುರ್ಚಿ ನಿಲ್ಲಿಸಲು ಹೇಳಿ ಅವರು ತಿರುಗಿ ನೋಡಿದರು. "ಇವತ್ತು ನಾನೇ ಉಪಾಸ ಇದೀನಿ. ಹೋಗ್ರಿ, ತಿನ್ರಿ." ಬಾಗಿಲು ಮುಚ್ಚಿತು.

ನಾವು ಕ್ಯಾಂಟೀನಿಗೆ ಹೋಗಲಿಲ್ಲ. ಕೂತೇ ಇದ್ದೆವು. ಮಧ್ಯಾಹ್ನ ಕಳೆದು ಡಾಕ್ಟರಮ್ಮ ಹೊರಗೆ ಬಂದರು. ಕಣ್ಣಿಗೆ ಕಂಡ ಗಡ್ಡೆಯನ್ನೆಲ್ಲ ತೆಗೆದಿದ್ದೇವೆ, ಅಮ್ಮ ಚೆನ್ನಾಗಿ ತಡೆದುಕೊಂಡರು, ಉಳಿದ ಕಿಮೋ ಇದೆ, ಆಮೇಲೂ ನೋಡಿಕೊಳ್ಳುತ್ತಲೇ ಇರಬೇಕು ಎಂದರು. ನಮ್ಮವರು ಗೋಡೆಗೆ ಒರಗಿ ಕಣ್ಣೊರೆಸಿಕೊಂಡರು. ಅಕ್ಕ ಮುಂದೆ ಬಂದರು.

"ಡಾಕ್ಟ್ರಮ್ಮ, ಅದು ಸೊರಗಿತ್ತಾ?"

"ಸೊರಗಿತ್ತಮ್ಮ. ಕಿಮೋ ಒಳ್ಳೆ ಕೆಲಸ ಮಾಡಿದೆ..."

ಎರಡನೆಯ ಮಾತು ಅಕ್ಕನನ್ನು ಮುಟ್ಟುವಷ್ಟರಲ್ಲಿ ಅವರು ಆಗಲೇ ನನ್ನ ಭುಜದ ಮೇಲೆ ಮುಖ ಇಟ್ಟು ಅಳುತ್ತಿದ್ದರು. ಸೊರಗಿಸಿದ್ದು ಕಿಮೋ ಎಂದು ನಾನು ಬಿಡಿಸಿ ಹೇಳಲಿಲ್ಲ. ಕೆಳಗೆ ಹೋಗಿ ಟೀ ತಂದು ಅವರ ಕೈಗೆ ಕೊಟ್ಟೆ. ತುಟಿಗೆ ಮುಟ್ಟಿಸಿದವರು ತಟ್ಟನೆ ನಿಲ್ಲಿಸಿದರು.

"ಇನ್ನೂ ಕಿಮೋ ಐತೆ ಅಂದ್ರಲ್ವಾ?"

"ಹೂಂ ಅಕ್ಕ, ಇದೆ."

"ಹಂಗಾದ್ರೆ ಪಥ್ಯ ಮುಗಿದಿಲ್ಲ." ಲೋಟ ನನಗೆ ವಾಪಸು ಕೊಟ್ಟರು. "ಸಕ್ರೆ ಇಲ್ದಿದ್ದು ತಗೊಂಬಾ."

ನಾನು ಮತ್ತೆ ಮೆಟ್ಟಿಲಿಳಿದು ಹೋಗಿ, ಸಕ್ಕರೆ ಹಾಕದ ಟೀ ಒಂದು ಕೊಡಿ ಎಂದು ಕೇಳಿದೆ. ಅಮ್ಮಾ, ಪಾತ್ರೆಗೇ ಬೆರೆಸಿಬಿಟ್ಟಿದ್ದೀವಲ್ಲ ಎಂದ ಕ್ಯಾಂಟೀನಿನವನು. ಬರೀ ಬಿಸಿನೀರು ಹಾಕಿಸಿಕೊಂಡು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೇಲೆ ಹತ್ತಿದೆ.